ಅಪ್ಪನ ಅನ್ನನಾಳ, ನನ್ನ ಹಟ

ಮಾರ್ಚ್ ೧೨, ಗುರುವಾರ.

ನನ್ನ ಪಿಎಚ್‌ಡಿ ಗೈಡ್ ಆಡಿದ ಮಾತು ಇನ್ನೂ ಚುಚ್ಚುತ್ತಿದೆ. "ಅನ್ನನಾಳ ಬರೀ ಕೊಳವೆ ಕಣಮ್ಮ. ಅದನ್ನ ಬಿಟ್ಟು ಜಠರದ ಮೇಲೆ ಕೆಲಸ ಮಾಡು," ಎಂದರು, ಇಡೀ ಲ್ಯಾಬಿನೆದುರು.

ಬರೀ ಕೊಳವೆಯಂತೆ! ಜಠರದ ಆಮ್ಲ ಮೇಲೇರಿ ಬಂದಾಗ ಅದರ ಒಳಪದರದ ಜೀವಕೋಶಗಳು ಸೋಡಿಯಂ ಎಳೆದುಕೊಂಡು, ಒಳಹೊಕ್ಕ ಆಮ್ಲವನ್ನು ಆಚೆ ದಬ್ಬುತ್ತವೆ. ಆ ಕೆಲಸ ಕೈಕೊಟ್ಟರೆ ಹುಣ್ಣಾಗುತ್ತದೆ. ಅಪ್ಪ ಆ ಹುಣ್ಣಿನಿಂದಲೇ ಮೂರು ವರ್ಷದಿಂದ ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಾರೆ. ಗೈಡ್ ಹೋಗಿ ಅಪ್ಪನಿಗೇ ಹೇಳಲಿ, ಇದು ಬರೀ ಕೊಳವೆ ಅಂತ.

ಸಂಜೆ ನನ್ನ ಪ್ರಯೋಗದ ಅಳತೆಗಳನ್ನೆಲ್ಲ ಗೈಡ್ ಮೇಜಿನ ಮೇಲಿಟ್ಟೆ. "ಸರ್, ವಿಷಯ ಬದಲಾಯಿಸಲ್ಲ. ಬೇಕಾದ್ರೆ ಗೈಡನ್ನ ಬದಲಾಯಿಸ್ತೀನಿ," ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹಾಳೆಗಳನ್ನು ಹತ್ತಿರಕ್ಕೆಳೆದುಕೊಂಡು, "ಕೂತ್ಕೋ. ಮೊದಲನೇ ಪುಟದಿಂದ ಹೇಳು," ಎಂದರು.

ಒಂಬತ್ತು ಗಂಟೆಯವರೆಗೂ ಹೇಳಿದೆ. ಗಂಟಲು ಕಟ್ಟಿದೆ. ನಾಳೆ ಹೋಗಿ ಉಳಿದದ್ದನ್ನೂ ಹೇಳಿ ಮುಗಿಸಬೇಕು.