ನನ್ನ ಮಗಳ ಎದೆಯೊಳಗೆ ನೋಡಿಸಿ, ಬಿಡ್ತು ಅನ್ನಿಸಬೇಡಿ

ಕಾರ್ಖಾನೆಯ ಮುಖ್ಯ ವೈದ್ಯಾಧಿಕಾರಿಗಳಾದ ಮಾನ್ಯರೇ,

ಹೋದ ಸೋಮವಾರ ನಿಮ್ಮ ಮೇಜಿನ ಮುಂದೆ ಒಂಬತ್ತು ವರ್ಷದ ಹೆಣ್ಣುಮಗುವಿನ ಕೈ ಹಿಡಿದು ನಿಂತಿದ್ದ ಹೆಂಗಸು ನಾನೇ. ತಮಗೆ ನೆನಪಿರಲಿಕ್ಕಿಲ್ಲ. ತಾವು ತಲೆಯೆತ್ತಿ ನೋಡಿದ್ದು ಒಂದೇ ಸಲ, ಅದೂ ಮಗುವನ್ನಲ್ಲ, ಗೋಡೆಯ ಗಡಿಯಾರವನ್ನು. ಮಗಳ ಹೃದಯದ ರಕ್ತನಾಳಗಳನ್ನು ನಗರದ ದೊಡ್ಡಾಸ್ಪತ್ರೆಯ ಎಕೋ ಯಂತ್ರದಲ್ಲಿ ನೋಡಿಸಬೇಕು, ಅದಕ್ಕೆ ತಮ್ಮ ಸಹಿಯ ಶಿಫಾರಸು ಚೀಟಿ ಬೇಕು ಎಂದು ಕೇಳಿದೆ. ತಾವು ಕೊಡಲಿಲ್ಲ. "ಚೆನ್ನಾಗಿರೋ ಮಗೂಗೆ ಹಾರ್ಟು ಗೀರ್ಟು ಅಂತ ಯಾಕ್ರೀ ಅಪಶಕುನ ನುಡೀತೀರಾ? ಮೊದ್ಲು ಬಿಡ್ತು ಅನ್ನಿ. ನೋವು ಗೀವು ಅಂತ ಬಂದ್ರೆ ಆಗ ಕರ್ಕೊಂಡ್ಬನ್ನಿ, ನೋಡೋಣ" ಎಂದಿರಿ. ಅಷ್ಟು ವರ್ಷ ವೈದ್ಯಶಾಸ್ತ್ರ ಓದಿದವರು ಬರೆದುಕೊಟ್ಟ ಔಷಧ ಇದು, ಬಿಡ್ತು. ನಾನು ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂದು ಹೇಳುವಷ್ಟರಲ್ಲಿ ತಾವು ಮುಂದಿನವರನ್ನು ಕರೆದಿರಿ. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. "ನಾಳೆ ಅವರಿಗೆ ನಾನು ಮುಖ ತೋರಿಸ್ಬೇಕು ಕಣೇ, ಬೇಡ" ಎಂದು ನಮ್ಮ ಮನೆಯವರು ಹೇಳಿನೋಡಿದರು. ಅವರ ಚಿಂತೆ ಅವರ ಮುಖದ್ದು. ನನ್ನ ಚಿಂತೆ ಬೇರೆ.

ನಾವಿರುವುದು ದಾಸರಹಳ್ಳಿಯ ಒಂದು ವಠಾರದಲ್ಲಿ. ಅಲ್ಲಿರುವವರೆಲ್ಲ ತಮ್ಮ ಕಾರ್ಖಾನೆಯ ಸೈರನ್ನಿಗೆ ಏಳುವವರೇ. ನಮ್ಮ ಗೋಡೆಗೆ ಗೋಡೆ ತಾಗಿದ ಮನೆ ಕೃಷ್ಣಮ್ಮನವರದು. ಅವರ ಯಜಮಾನರು ಹನುಮಂತರಾಯಪ್ಪನವರು ಫೌಂಡ್ರಿಯಲ್ಲಿದ್ದಾರೆ. ಅವರ ಮಗ ಸೀನನೂ ನಮ್ಮ ಸೀತೆಯೂ ಒಂದೇ ವರ್ಷದವರು. ಇಬ್ಬರಿಗೂ ನಾಲ್ಕು ತುಂಬಿದ್ದ ಬೇಸಿಗೆಯಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಜ್ವರ ಬಂತು. ಎಂಥ ಜ್ವರ ಅಂತೀರಿ! ವಾರ ಕಳೆದರೂ ಇಳಿಯಲೊಲ್ಲದು. ಕಣ್ಣು ಕೆಂಡದಂತೆ, ತುಟಿ ಒಡೆದು ರಕ್ತ, ನಾಲಿಗೆ ಕೆಂಪಗೆ ಗುಳ್ಳೆ ಗುಳ್ಳೆ, ಮೈಯೆಲ್ಲ ದದ್ದು. ತಮ್ಮ ಡಿಸ್ಪೆನ್ಸರಿಗೆ ಎತ್ತಿಕೊಂಡು ಹೋದೆವು. ಆಗ ಅಲ್ಲಿದ್ದ ಡಾಕ್ಟರು ದಡಾರ ಎಂದರು, ಒಂದು ಕೆಂಪು ಔಷಧ ಕೊಟ್ಟರು. ಮನೆಗೆ ಬಂದರೆ ವಠಾರದ ಒಡತಿ ಪಿಳ್ಳಮ್ಮ ಬಾಗಿಲಿಗೆ ಬೇವು ಕಟ್ಟಿಸಿ ಆಗಿತ್ತು. "ಅಮ್ಮ ಆಗೈತೆ ಕಣವ್ವಾ. ಒಗ್ಗರಣೆ ಆಕ್ಬ್ಯಾಡಿ, ಸೂಜಿ ಗೀಜಿ ಚುಚ್ಚಿಸ್ಬ್ಯಾಡಿ" ಎಂದಳು. ಡಾಕ್ಟರೂ ಪಿಳ್ಳಮ್ಮನೂ ಒಂದೇ ಮಾತು ಹೇಳಿದ ಮೇಲೆ ನಾವು ಇನ್ನು ಯಾರನ್ನು ಕೇಳುವುದು?

ಜ್ವರ ಬಿಟ್ಟಿತು. ಬಿಟ್ಟ ಮೇಲೆ ಇಬ್ಬರ ಬೆರಳ ತುದಿಯ ಚರ್ಮವೂ ಸುಲಿಯತೊಡಗಿತು. ಉಗುರಿನ ಬುಡದಿಂದ ಹಾಳೆ ಹಾಳೆಯಾಗಿ ಬರುತ್ತಿತ್ತು. "ನೋಡಿ, ಅಮ್ಮ ಇಳೀತಾವ್ಳೆ!" ಎಂದು ಪಿಳ್ಳಮ್ಮ ಕೈಮುಗಿದಳು. ಬೇವಿನ ನೀರು ಹುಯ್ದೆವು, ಮಾರಮ್ಮನ ಗುಡಿಗೆ ಮೊಸರನ್ನ ಕೊಟ್ಟು ತಂಪು ಮಾಡಿದೆವು, ವಠಾರಕ್ಕೆಲ್ಲ ತಂಬಿಟ್ಟು ಹಂಚಿದೆವು. ಮಕ್ಕಳು ಎದ್ದು ಆಡಿಕೊಂಡಿದ್ದರು. ಆ ಸುಲಿದ ಬೆರಳುಗಳನ್ನು ಕಂಡರೆ ತಿಳಿದ ವೈದ್ಯರು ಮೊದಲು ಎದೆಯನ್ನು ಪರೀಕ್ಷಿಸುತ್ತಾರಂತೆ. ನಾವು ಹಬ್ಬ ಮಾಡಿದೆವು.

ಹೋದ ಆಷಾಢದಲ್ಲಿ ಸೀನ ರಸ್ತೆಯಾಚೆಯ ಬಯಲಿನಲ್ಲಿ ಗಾಳಿಪಟ ಹಿಡಿದು ಓಡುತ್ತಿದ್ದವನು ಹಾಗೇ ಕೆಳಗೆ ಕುಳಿತ. ಆಟದ ನಡುವೆ ಮಕ್ಕಳು ಕೂರುವುದು ಹೊಸದೇನಲ್ಲ, ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಸೀತೆಯೇ ಹೋಗಿ ಅಲ್ಲಾಡಿಸಿದಳು. ದಾರ ಅವನ ಕೈಯಲ್ಲೇ ಇತ್ತು.

ಶವ ಕೊಯ್ದ ಆಸ್ಪತ್ರೆಯ ಡಾಕ್ಟರು ಹನುಮಂತರಾಯಪ್ಪನವರನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರಂತೆ: ಹೃದಯಕ್ಕೆ ರಕ್ತ ಕೊಡುವ ನಾಳ ಬಲೂನಿನ ಹಾಗೆ ಊದಿತ್ತು, ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಇದು ಇವತ್ತಿನದಲ್ಲ, ಚಿಕ್ಕಂದಿನಲ್ಲಿ ಬಂದು ಹೋದ ಒಂದು ಜ್ವರದ ಉಳಿಕೆ. ಅದು ರಕ್ತನಾಳಗಳನ್ನೇ ಉರಿಸುವ ಜ್ವರ, ಜಪಾನಿನ ವೈದ್ಯರೊಬ್ಬರು ಗುರುತಿಸಿದ್ದು, ಹೆಸರು ಕವಾಸಾಕಿ. ಹೆಚ್ಚಿನ ಮಕ್ಕಳು ಏನೂ ಆಗದೆ ಚೆನ್ನಾಗಿಯೇ ಬೆಳೆಯುತ್ತಾರೆ. ಕೆಲವರ ನಾಳ ಮಾತ್ರ ಹೀಗೆ ಊದಿಕೊಂಡು ಉಳಿಯುತ್ತದೆ. ಮೊದಲೇ ಗೊತ್ತಾದರೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಉಂಟು, ಆಗಾಗ ನೋಡುತ್ತಿರಬೇಕು. ಯಾರ ನಾಳ ಊದಿದೆ, ಯಾರದು ಇಲ್ಲ ಎಂದು ಹೊರಗಿನಿಂದ ಹೇಳಲು ಬರುವುದಿಲ್ಲ. ಈ ಹೆಸರನ್ನೇ ನಾನು ತಮ್ಮ ಮುಂದೆ ಹೇಳಿದ್ದು. "ಕವಾಸಾಕಿನಾ? ಅದು ಹೊಸಾ ಮೋಟಾರ್ ಸೈಕಲ್ ಅಲ್ವೇನ್ರೀ?" ಎಂದು ತಾವು ನಕ್ಕಿರಿ. ಕಾಂಪೌಂಡರೂ ನಕ್ಕ. ನನ್ನ ಮಗಳೂ, ದೊಡ್ಡವರು ನಗುತ್ತಿದ್ದಾರಲ್ಲ ಎಂದು, ನಕ್ಕಳು.

ಇನ್ನು ಬಿಡ್ತು ಅನ್ನದ ಕಾರಣ. ಸೀನನ ವೈಕುಂಠ ಸಮಾರಾಧನೆಯ ದಿನ ನಾನು ಕೃಷ್ಣಮ್ಮನವರ ಪಕ್ಕದಲ್ಲಿ ಕುಳಿತಿದ್ದೆ. ಅವರು ಎಲೆಯ ಮುಂದೆ ಕೂತು ಒಂದು ಅಗುಳೂ ಮುಟ್ಟಿರಲಿಲ್ಲ. ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ಪಂಕಜಮ್ಮ, ನಿಮ್ಮ ಸೀತೂಗೂ ಅದೇ ಜ್ವರ ಬಂದಿತ್ತಲ್ವಾ?" ಎಂದರು.

ಪಿಳ್ಳಮ್ಮ ಹೌಹಾರಿ, "ಅಯ್ಯೋ, ಬಿಡ್ತು ಅನ್ನವ್ವಾ! ಸಾವಾದ ಮನೇಲಿ ಕುಂತ್ಕಂಡು ಇನ್ನೊಬ್ಬರ ಕೂಸಿನ್ ಮ್ಯಾಲೆ ಇಂಗಾ ಆಡೋದು?" ಎಂದಳು.

"ಅನ್ನಲ್ಲ ಅಜ್ಜೀ" ಎಂದರು ಕೃಷ್ಣಮ್ಮ. ದನಿ ಏರಿಸಲಿಲ್ಲ. "ಸಂಕ್ರಾಂತಿ ದಿನ ಎಳ್ಳು ಬೀರಿ ಬಂದು ನನ್ ಮಗ, ಅಮ್ಮಾ ಎದೆ ಹಿಂಡ್ತೈತೆ ಅಂದ. ಹಬ್ಬದ ದಿನ ಎಂಥಾ ಮಾತೋ, ಬಿಡ್ತು ಅನ್ನು ಅಂದೆ. ಬಿಡ್ತು ಅಂದ. ಅಂದ್ಬಿಟ್ಟು ಕಬ್ಬು ತಗೊಂಡು ಆಡಕ್ಕೆ ಹೋದ. ಆಮೇಲೆ ಒಂದು ದಿನಾನೂ ಹೇಳ್ಲಿಲ್ಲ ಅಜ್ಜೀ, ಒಂದು ದಿನಾನೂ."

ಮಾನ್ಯರೇ, ಅಂದಿನಿಂದ ನನ್ನ ಬದುಕು ಹೇಗಿದೆ ಎಂದು ಕೇಳುವ ಸೌಜನ್ಯ ತಮಗಿಲ್ಲದಿದ್ದರೂ ಹೇಳುತ್ತೇನೆ. ಸೀತೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಾಳೆ. ಧಪ್ ಧಪ್ ಎಂದು ಕೇಳುತ್ತಿರುವವರೆಗೆ ನಾನು ಚಪಾತಿ ಲಟ್ಟಿಸುತ್ತೇನೆ. ಸದ್ದು ನಿಂತರೆ ನನ್ನ ಕೈಯೂ ನಿಲ್ಲುತ್ತದೆ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದರೆ ಅವಳು ಬಿಲ್ಲೆ ಹುಡುಕುತ್ತಿರುತ್ತಾಳೆ, "ಯಾಕಮ್ಮ?" ಎನ್ನುತ್ತಾಳೆ. ಅತ್ತ ಕೃಷ್ಣಮ್ಮನವರೂ ತಮ್ಮ ಬಾಗಿಲಿಗೆ ಬಂದಿರುತ್ತಾರೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ ಒಳಗೆ ಹೋಗುತ್ತೇವೆ. ಓಡಬೇಡ ಎನ್ನಲೇ? ಏನೂ ಇಲ್ಲದಿದ್ದರೆ ಆಡುವ ಮಗುವನ್ನು ಸುಮ್ಮನೆ ಕಟ್ಟಿಹಾಕಿದಂತಾಯಿತು. ಓಡು ಎನ್ನಲೇ? ಸೀನ ಓಡಿದ. ನನಗೆ ಬೇಕಾಗಿರುವುದು ಇದೆ ಅಥವಾ ಇಲ್ಲ ಎಂಬ ಒಂದು ಮಾತು. ಇಲ್ಲ ಎಂದಾದರೆ ಮಾರಮ್ಮನಿಗೂ ತಮಗೂ ಒಟ್ಟಿಗೇ ತಂಪು ಮಾಡಿಸುತ್ತೇನೆ.

ದೊಡ್ಡಾಸ್ಪತ್ರೆಗೆ ನಾವೇ ಹೋಗಿ ಕೇಳಲಿಲ್ಲವೆಂದು ತಿಳಿಯಬೇಡಿ. ಕಾರ್ಖಾನೆಯವರ ಮಕ್ಕಳು ಕಾರ್ಖಾನೆಯ ವೈದ್ಯರ ಚೀಟಿ ತರಬೇಕು ಎಂದು ಬಾಗಿಲಲ್ಲೇ ಹಿಂದಕ್ಕೆ ಕಳಿಸಿದರು. ಚೀಟಿ ರೋಗಿಗಳಿಗೆ ಮಾತ್ರ ಎಂಬುದು ತಮ್ಮ ನಿಯಮ. ನೋವು ಬಂದ ಮೇಲೆ ಕರೆತನ್ನಿ ಎಂಬುದು ತಮ್ಮ ಕೃಪೆ. ಸೀನನಿಗೂ ನೋವು ಬಂದಿತ್ತಲ್ಲ, ಯಾರಿಗೆ ಗೊತ್ತಾಯಿತು?

ನಿನ್ನೆ ಸಂಜೆ ನಡೆದದ್ದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಕುಂಟೆಬಿಲ್ಲೆಯ ಸದ್ದು ನಿಂತಿತು. ಹೋಗಿ ನೋಡಿದರೆ ಸೀತೆ ಮೆಟ್ಟಿಲ ಮೇಲೆ ಕುಳಿತಿದ್ದಳು, ಬಿಲ್ಲೆ ಕಾಲ ಬಳಿಯೇ ಬಿದ್ದಿತ್ತು.

"ಏನಾಯ್ತೇ?" ಎಂದೆ.

"ಏನಿಲ್ಲಮ್ಮ. ಬಿಡ್ತು."

"ಏನೇ ಅದು ಬಿಡ್ತು ಅಂದ್ರೆ? ಎಲ್ಲಿ ನೋಯ್ತು ಹೇಳು."

"ಹೇಳ್ಬಾರ್ದು. ಡಾಕ್ಟ್ರು ಅಂದ್ರಲ್ಲ, ಹಾಗೆಲ್ಲಾ ಹೇಳಿದ್ರೆ ಅಪಶಕುನ ಅಂತ. ನೀನು ಅನ್ಲಿಲ್ಲ, ಅದಕ್ಕೆ ನಾನೇ ಅಂದೆ."

ಅದು ಕಾಲಿಗೆ ಚುಚ್ಚಿದ ಮುಳ್ಳೋ, ಹಸಿವೋ, ಬರೀ ಆಯಾಸವೋ, ನನಗೆ ಗೊತ್ತಿಲ್ಲ. ಬೇಡಿಕೊಂಡೆ, ಗದರಿದೆ, ಮುದ್ದಿಸಿದೆ. ಹೇಳಲಿಲ್ಲ. ನೋವು ಬಂದರೆ ಕರೆತನ್ನಿ ಎಂದವರೂ ತಾವೇ, ನೋವನ್ನು ಬಾಯಿಬಿಡದಂತೆ ಅವಳಿಗೆ ಕಲಿಸಿದವರೂ ತಾವೇ. ಇನ್ನು ಯಾವ ನೋವನ್ನು ಹಿಡಿದುಕೊಂಡು ನಾನು ತಮ್ಮ ಬಾಗಿಲಿಗೆ ಬರಲಿ?

ಚೀಟಿ ಬರೆಯಿರಿ. ಈ ವಾರವೇ ಬರೆಯಿರಿ. ಇಂಥ ಜ್ವರ ಬಂದು ಬೆರಳು ಸುಲಿದ ಮಕ್ಕಳು ಕಾರ್ಖಾನೆಯವರ ಮನೆಗಳಲ್ಲಿ ಇನ್ನೂ ಎಷ್ಟು ಮಂದಿ ಇದ್ದಾರೋ ವಿಚಾರಿಸಿ, ಅವರನ್ನೂ ಕರೆಸಿ ನೋಡಿಸಿ. ಅಲ್ಲಿಗೂ ಮೊದಲು ಒಂದು ಕೆಲಸ ಮಾಡಬೇಕು. ನನ್ನ ಮಗಳನ್ನು ಎದುರಿಗೆ ಕೂರಿಸಿಕೊಂಡು, ಈ ಸಲ ಗಡಿಯಾರ ನೋಡದೆ, "ನೋವಾದ್ರೆ ಹೇಳ್ಬೇಕು ಮರೀ, ಹೇಳಿದ್ರೆ ಏನೂ ಆಗಲ್ಲ" ಎಂದು ತಮ್ಮ ಬಾಯಿಂದಲೇ ಹೇಳಬೇಕು. ನಾನು ಹೇಳಿದರೆ ಅವಳು ನಂಬುತ್ತಿಲ್ಲ. ಅಮ್ಮನಿಗಿಂತ ಡಾಕ್ಟರಿಗೆ ಹೆಚ್ಚು ಗೊತ್ತಿರುತ್ತದೆಯಂತೆ.

ಇಂತಿ,
ಅಂಗಳದ ಸದ್ದಿಗೆ ಕಿವಿಗೊಟ್ಟು ಕುಳಿತಿರುವ,
ಸೀತೆಯ ತಾಯಿ ಪಂಕಜಾ
ಟಿ. ದಾಸರಹಳ್ಳಿ, ೧೯೮೭