ಎರಡೇ ಬಾಗಿಲಿನ ಕಾರು

ಮನೆಯಿಂದ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೂ,

‘ಎಷ್ಟು ಬಾಗಿಲಿದ್ದರೇನು ಮನೆಗೆ, ಹೊರಡುವವರಿಗೆ ಒಂದೇ ಸಾಕು’ ಎಂದೋ ಏನೋ ಒಂದು ಸಾಲು ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಯಾರದೆಂದು ನೆನಪಿಲ್ಲ. ಪ್ರೆಸ್ಸಿನಲ್ಲಿ ಯಾವುದೋ ತೆಳ್ಳನೆಯ ಸಂಕಲನದ ಕರಡು ತಿದ್ದುವಾಗ ಕಣ್ಣಿಗೆ ಬಿದ್ದದ್ದಿರಬೇಕು. ‘ಹೊರಡುವವರಿಗೆ’ ಎಂದಿತ್ತೋ ‘ಬರುವವರಿಗೆ’ ಎಂದಿತ್ತೋ, ಅದೂ ಖಾತ್ರಿಯಿಲ್ಲ. ಅದಿರಲಿ, ಆ ಮಾತು ನಿಜವೇ ಎಂಬುದೇ ನನಗೆ ಅನುಮಾನ. ನಾನು ಕಂಡಂತೆ ಬಾಗಿಲುಗಳು ಹೆಚ್ಚಿದ್ದಷ್ಟೂ ಹೊರಟುಹೋಗುವುದು ಸಲೀಸು. ಒಬ್ಬರು ಇನ್ನೊಬ್ಬರಿಗೆ ‘ಸ್ವಲ್ಪ ಜರುಗು’ ಎಂದೂ ಹೇಳಬೇಕಾಗಿಲ್ಲ.

ನೋಡು, ಕ್ಷೇಮ ಕೇಳುವ ಮೊದಲೇ ತರ್ಕಕ್ಕೆ ಇಳಿದೆ. ಹೇಗಿದ್ದೀಯ? ಕತ್ತು ನೋವು ಎಂದಿದ್ದೆಯಲ್ಲ, ಇಳಿಯಿತೇ? ದಿನವಿಡೀ ಹೆಲ್ಮೆಟ್ ಹೊತ್ತುಕೊಂಡು ಆ ಟೈರು ಪರೀಕ್ಷೆಯ ರಸ್ತೆಯಲ್ಲಿ ಸುತ್ತು ಹೊಡೆದರೆ ಕತ್ತು ಪಾಪ ಏನು ಮಾಡೀತು. ಬಿಸಿನೀರಿನ ಚೀಲ ಇಟ್ಟುಕೋ, ಬಿಸಿಯಾದದ್ದನ್ನು ನೇರ ಚರ್ಮಕ್ಕೆ ತಾಗಿಸಬೇಡ, ನಡುವೆ ಒಂದು ಟವೆಲ್ ಇರಲಿ. ಪ್ರೆಸ್ಸಿನಲ್ಲಿ ಯಾರಾದರೂ ನಿನ್ನ ಕೆಲಸದ ಬಗ್ಗೆ ಕೇಳಿದರೆ ‘ಟೈರು ಸವೆಸೋದಕ್ಕೇ ಸಂಬಳ ತಗೋತಾಳೆ ನನ್ನ ಮಗಳು’ ಎನ್ನುತ್ತೇನೆ. ನಗುತ್ತಾರೆ. ನನಗೂ ಹೇಳುವಾಗ ಹೆಮ್ಮೆಯೇ. ನನ್ನ ವಿಷಯದಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಕನ್ನಡಕದ ನಂಬರು ಒಂದು ಮೆಟ್ಟಿಲು ಏರಿದೆ. ಈಗ ಔಷಧಿಯ ಪೆಟ್ಟಿಗೆಯೊಳಗೆ ಮಡಿಸಿಡುತ್ತಾರಲ್ಲ, ಆ ಚೀಟಿಗಳ ಕರಡು ನೋಡುತ್ತಿದ್ದೇನೆ; ಇರುವೆ ಸಾಲಿನಂಥ ಅಕ್ಷರ. ದಿನಕ್ಕೆ ಹತ್ತು ರೋಗಗಳ ಲಕ್ಷಣ ಓದಿ, ಸಂಜೆ ಹೊತ್ತಿಗೆ ಹತ್ತೂ ನನಗೇ ಇವೆ ಅನ್ನಿಸಿ ಮನೆಗೆ ಬರುತ್ತೇನೆ. ಬಂದು ಒಂದು ಲೋಟ ಕಾಫಿ ಕುಡಿದರೆ ಹತ್ತೂ ಹೋಗುತ್ತವೆ.

ಕಾರಿನ ಬಗ್ಗೆ ಬರೆಯಬೇಕು ಎಂದೇ ಈ ಕಾಗದ ತೆಗೆದದ್ದು. ಫೋನಿನಲ್ಲಿ ಆ ಮಾತು ಬಂದರೆ ನೀನು ಎಂಜಿನ್ನಿನ ಲೆಕ್ಕ ತೆಗೆಯುತ್ತೀಯ, ನಾನು ಸುಮ್ಮನಾಗುತ್ತೇನೆ. ‘ಈಗ ನಾಲ್ಕು ಬಾಗಿಲಿನ ಗಾಡಿಗಳೇ ಜಾಸ್ತಿ ಸ್ಪೀಡಾಗಿ ಓಡೋದು ಅಮ್ಮಾ, ಎರಡು ಬಾಗಿಲು ಕಿತ್ತು ಹಾಕಿ ನೀನು ಗಳಿಸಿದ್ದಾದ್ರೂ ಏನು’ ಎಂದು ನೀನು ಕೇಳಿದ್ದಕ್ಕೆ ಅಂದು ಉತ್ತರ ಹೊಳೆಯಲಿಲ್ಲ. ಈಗ ಸಮಾಧಾನವಾಗಿ ಹೇಳುತ್ತೇನೆ. ನನಗೆ ಈ ಕಾರು ನಿಜವಾಗಿಯೂ ಇಷ್ಟ. ಮಾರಿದವನು ಇದಕ್ಕೆ ಕೂಪೆ ಎನ್ನಬೇಕು ಎಂದ. ನಮ್ಮ ಪ್ರೆಸ್ಸಿನ ಫೋರ್‌ಮನ್ ಮೊದಲ ದಿನವೇ ಸುತ್ತ ಒಂದು ಪ್ರದಕ್ಷಿಣೆ ಹಾಕಿ ‘ಮೇಡಂ, ಉಳಿದೆರಡು ಬಾಗಿಲು ಮುಂದಿನ ತಿಂಗಳು ಕೊಡ್ತಾರಂತಾ?’ ಎಂದ. ನಗಲಿ. ಇದರ ಚಾವಣಿ ಗಾಜಿನ ಮೇಲಿನಿಂದ ಎದ್ದು ಒಂದೇ ಉಸಿರಿಗೆ ಹಿಂದಕ್ಕೆ ಇಳಿಯುತ್ತದೆ. ಇನ್ನೊಂದು ಬಾಗಿಲಿನ ಸಲುವಾಗಿ ಅದು ನಡುವೆ ಎಲ್ಲೂ ತಡೆಯಬೇಕಾಗಿಲ್ಲ. ಬಾಗಿಲು ಉದ್ದ, ಭಾರ. ಎಳೆದುಕೊಂಡರೆ ದಪ್ಪ ನಿಘಂಟನ್ನು ಮುಚ್ಚಿದಂಥ ಸದ್ದು. ತೊಂದರೆ ಇಲ್ಲವೆಂದಲ್ಲ. ಪಕ್ಕದಲ್ಲಿ ಯಾರಾದರೂ ಒತ್ತಿಕೊಂಡು ನಿಲ್ಲಿಸಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಹೋದ ವಾರ ಬ್ಯಾಂಕಿನ ಮುಂದೆ ನಾನು ಸೀರೆ ಎತ್ತಿ ಹಿಡಿದು ಪಕ್ಕದ ಸೀಟು ದಾಟಿ ಆ ಕಡೆಯಿಂದ ಇಳಿದೆ. ಕಾವಲಿನವನು ಬೇರೆ ಕಡೆ ನೋಡಿದ, ಒಳ್ಳೆಯವನು.

ಅಪ್ಪನ ಕಾರನ್ನು ನಾನು ಪ್ರೀತಿಸಲಿಲ್ಲ ಎಂದು ಮಾತ್ರ ತಿಳಿಯಬೇಡ. ಹೊರಗಿನಿಂದ ನೋಡಿದರೆ ಅದು ಥೇಟ್ ಸಂಸಾರಸ್ಥ: ನಾಲ್ಕು ಬಾಗಿಲು, ಬೂದು ಬಣ್ಣ, ಹಿಂದೆ ಸಾಮಾನಿಗೆ ಜಾಗ. ಬಾನೆಟ್ಟಿನ ಒಳಗಿದ್ದದ್ದು ಮಾತ್ರ ಶುದ್ಧ ಪುಂಡ. ವಾರವಿಡೀ ಬಿಸಿಲಿನಲ್ಲಿ ನಿಂತು ಅಡಿ ಅಂಗುಲ ಅಳೆಯುತ್ತಿದ್ದ ಸರ್ವೇಯರ್‌ಗೆ ವಾರಕ್ಕೊಂದು ದಿನ ದೂರವನ್ನು ಅಳೆಯದೆ ನುಂಗಬೇಕು ಅನ್ನಿಸುತ್ತಿತ್ತೇನೋ. ಹೆದ್ದಾರಿ ಸಿಕ್ಕಿತೆಂದರೆ ನೀನು ಹಿಂದಿನಿಂದ ‘ಅಪ್ಪಾ, ಇನ್ನೂ, ಇನ್ನೂ’ ಎನ್ನುತ್ತಿದ್ದೆ. ನಾನು ಕಿಟಕಿಯ ಮೇಲಿನ ಹಿಡಿಕೆಗೆ ಕೈ ಹಾಕುತ್ತಿದ್ದೆ. ‘ಅಮ್ಮ ಹಿಡಿಕೆ ಹಿಡಿದ್ಲು ಅಂದ್ರೆ ನೂರು ದಾಟಿತು ಅಂತ ಲೆಕ್ಕ, ಮೀಟರ್ ನೋಡೋದೇ ಬೇಡ’ ಎಂದು ಅವರು ನಿನಗೆ ಹೇಳಿಕೊಡುತ್ತಿದ್ದರು. ನೀವಿಬ್ಬರೂ ಒಂದು ಪಕ್ಷ. ನಾನು ಮೀಟರು. ಆಗ ಸಿಟ್ಟು ಬರುತ್ತಿತ್ತು. ಈಗ ಯಾರೂ ನನ್ನನ್ನು ಹಾಗೆ ಓದುವವರಿಲ್ಲ.

ಆಸ್ಪತ್ರೆಯಲ್ಲಿ ಅಪ್ಪ ಹೋದ ಆ ದಿನ ನಿನಗೆ ಎಷ್ಟು ನೆನಪಿದೆಯೋ. ಅದರ ಬಗ್ಗೆ ನಾವಿಬ್ಬರೂ ಮಾತಾಡಿಯೇ ಇಲ್ಲ. ಅಪ್ಪನನ್ನು ಬಿಟ್ಟು ಮೊದಲ ಸಲ ಆ ಕಾರನ್ನು ನಾನು ಓಡಿಸಿದ್ದು ಅಂದೇ. ವಾಪಸು ಬರುವಾಗ ನೀನು ಎಂದಿನಂತೆ ಹಿಂದಿನ ನಿನ್ನ ಬಾಗಿಲು ತೆರೆದು ನಿನ್ನ ಜಾಗದಲ್ಲಿ ಕೂತೆ. ನಾನು ಮುಂದೆ, ಪಕ್ಕದ ಸೀಟು ಖಾಲಿ. ಮುಂದೆ ಬಾ ಎನ್ನಲು ನನಗೆ ತೋಚಲಿಲ್ಲ, ಬರಲು ನಿನಗೂ ತೋಚಲಿಲ್ಲ. ನಲವತ್ತು ನಿಮಿಷದ ದಾರಿ. ನಾನು ನಿನ್ನನ್ನು ಕನ್ನಡಿಯಲ್ಲಿ ನೋಡಿದೆ, ನೀನು ನನ್ನ ಬೆನ್ನು ನೋಡಿದೆ. ದೊಡ್ಡ ಸೇತುವೆಯ ಮೇಲೆ ನೀನು ಒಂದೇ ಒಂದು ಮಾತಾಡಿದೆ: ‘ಅಪ್ಪ ಇಷ್ಟು ನಿಧಾನ ಓಡಿಸ್ತಿರಲಿಲ್ಲ.’ ಮನೆ ಮುಂದೆ ನಿಲ್ಲಿಸಿದಾಗ ನೀನು ಅದೇಕೋ ಸೀಟಿನಲ್ಲೇ ಸರಿದು ಹಿಂದಿನ ಇನ್ನೊಂದು ಬಾಗಿಲಿಂದ ಇಳಿದೆ, ನಾನು ನನ್ನ ಬಾಗಿಲಿಂದ ಇಳಿದೆ. ನೀನು ಮಹಡಿಗೆ ಹೋದೆ, ನಾನು ಅಡುಗೆಮನೆಗೆ ಹೋದೆ. ಆ ಮಾತಿಗೆ ನಾನು ಬೇಜಾರು ಮಾಡಿಕೊಂಡಿಲ್ಲ. ಇಪ್ಪತ್ತೊಂದು ವರ್ಷದ ಹುಡುಗಿ ಬೇರೆ ಇನ್ನೇನು ಹೇಳಬೇಕಿತ್ತು? ಆದರೆ ನಾಲ್ಕು ಬಾಗಿಲು ಇಲ್ಲದಿದ್ದರೆ ಅಂದು ನೀನು ನನ್ನ ಪಕ್ಕದಲ್ಲೇ ಕೂರುತ್ತಿದ್ದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹುಚ್ಚು ಯೋಚನೆ ಎನ್ನು. ಇರಲಿ.

ನೀನು ಕೆಲಸಕ್ಕೆ ಸೇರಿ ಹೋದ ಮೇಲೆ ಒಂದು ವರ್ಷ ನಾನೂ ಆ ಕಾರೂ ಇಬ್ಬರೇ. ದಿನಾ ಬೆಳಿಗ್ಗೆ ಪ್ರೆಸ್ಸಿಗೆ ಆರು ಮೈಲಿ ಹೋಗಲು ಅಷ್ಟು ದೊಡ್ಡ ಪುಂಡನನ್ನು ಎಬ್ಬಿಸುವುದು. ಹೊರಡುವ ಮೊದಲು ಕನ್ನಡಿ ಸರಿಮಾಡುತ್ತಿದ್ದೆನಲ್ಲ, ಕೈ ತಾನಾಗಿ ಅದನ್ನು ಕೆಳಕ್ಕೆ ಬಾಗಿಸುತ್ತಿತ್ತು, ರಸ್ತೆ ಕಾಣುವ ಬದಲು ಹಿಂದಿನ ಸೀಟು ಕಾಣುವ ಹಾಗೆ. ಒಂದು ಸಂಜೆ ಪ್ರೆಸ್ಸಿನ ಬೈಂಡಿಂಗ್ ಹೆಂಗಸನ್ನು ಮನೆಗೆ ಬಿಡಲು ಕೂರಿಸಿಕೊಂಡೆ. ಅವಳು ಸಂಕೋಚದಿಂದ ಹಿಂದೆ ಕೂತಳು. ಇಳಿಯುವಾಗ ಎಷ್ಟು ಎಳೆದರೂ ಬಾಗಿಲು ಬರಲಿಲ್ಲ. ಮಕ್ಕಳು ಒಳಗಿನಿಂದ ತೆರೆಯಬಾರದೆಂದು ಇರುತ್ತದಲ್ಲ ಲಾಕ್, ನಿನ್ನ ಬಾಗಿಲಿಗೆ ಅಪ್ಪ ಹಾಕಿದ್ದು ಹಾಗೇ ಇತ್ತು! ನಿನ್ನ ಕಾಲೇಜು ಮುಗಿಯುವ ತನಕವೂ ಅವರೇ ಸುತ್ತಿ ಬಂದು ಹೊರಗಿನಿಂದ ಬಾಗಿಲು ತೆಗೆಯುತ್ತಿದ್ದದ್ದು ಅದಕ್ಕೇ. ನಾನು ಅದನ್ನು ಬರೀ ಮುದ್ದು ಎಂದುಕೊಂಡಿದ್ದೆ. ಮೆಕ್ಯಾನಿಕ್ ಹತ್ತಿರ ಹೋದರೆ ‘ಇದು ಚಿಕ್ಕ ಮಕ್ಕಳಿದ್ರೆ ಹಾಕೋದು ಮೇಡಂ, ನಿಮ್ಮ ಮಗು ಎಷ್ಟು ದೊಡ್ಡದು?’ ಎಂದ. ‘ಐದು ಅಡಿ ಆರು ಅಂಗುಲ’ ಎಂದೆ. ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಕ್ಕ. ನಾನೂ ನಕ್ಕು, ತಿರುಗಿ ಬರುವಾಗ ದಾರಿ ಬದಿಗೆ ನಿಲ್ಲಿಸಿ ಬಹಳ ಹೊತ್ತು ಕೂತಿದ್ದೆ. ಅದನ್ನು ಮಾರಲು ತೀರ್ಮಾನಿಸಿದ್ದು ಅಲ್ಲೇ.

ನಿನ್ನನ್ನು ಕೇಳದೆ ಮಾರಿದೆ. ಅದು ತಪ್ಪು. ಕಾರು ಮಾರಿದ್ದಲ್ಲ, ಕೇಳದೆ ಮಾರಿದ್ದು. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಉಳಿಸಿಕೊಳ್ಳುತ್ತಿದ್ದೆ, ದಿನಾ ಆ ಹಿಂದಿನ ಸೀಟನ್ನು ಹೊತ್ತುಕೊಂಡು ತಿರುಗುತ್ತಿದ್ದೆ. ಅದಕ್ಕೆ ಹೆದರಿ ಕೇಳಲಿಲ್ಲ. ಮೂರು ಮಕ್ಕಳಿರುವ ಒಬ್ಬ ದಂತವೈದ್ಯೆ ಕೊಂಡಳು, ಹೋಗುವಾಗ ನಾಲ್ಕೂ ಬಾಗಿಲು ಧಡಧಡ ಬಡಿದವು. ಈ ಎರಡು ಬಾಗಿಲಿನದು ಬಂದ ಮೇಲೆ ನೀನು ರಜೆಗೆ ಬಂದೆ. ಹೆಗಲ ಚೀಲ ಇಳಿಸದೆ ಗೇಟಿನ ಹತ್ತಿರ ನಿಂತು ಕಾರನ್ನು ನೋಡಿದೆ. ‘ಇದರಲ್ಲಿ ನನ್ನ ಬಾಗಿಲು ಯಾವುದಮ್ಮಾ?’ ಎಂದೆ. ನಗುತ್ತಲೇ ಕೇಳಿದೆ, ಅದಕ್ಕೇ ನಾನು ಮೋಸ ಹೋದೆ. ನಾನೂ ನಗುತ್ತಲೇ ಅಂದೆ: ‘ನಿನಗ್ಯಾಕೆ ಬಾಗಿಲು, ನೀನು ಬರೋದೇ ವರ್ಷಕ್ಕೊಂದು ಸಲ.’ ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಅಕ್ಷರ ಅಕ್ಷರ ತಿದ್ದುವುದೇ ನನ್ನ ಕೆಲಸ. ಅಚ್ಚಾಗಿ ಹೋದದ್ದನ್ನು ತಿದ್ದುವ ವಿದ್ಯೆ ಮಾತ್ರ ನನಗೆ ಯಾರೂ ಕಲಿಸಲಿಲ್ಲ. ಆರು ದಿನಕ್ಕೆ ಬಂದವಳು ಮೂರನೆಯ ದಿನ ಟ್ಯಾಕ್ಸಿ ಕರೆಸಿಕೊಂಡು ಸ್ಟೇಷನ್ನಿಗೆ ಹೋದೆ. ನಾನು ಬಿಡುತ್ತೇನೆ ಎಂದರೆ ‘ಬೇಡ ಬಿಡಮ್ಮ, ನಿಂಗ್ಯಾಕೆ ತೊಂದರೆ’ ಎಂದೆ. ಅದಕ್ಕೆ ಹದಿನಾಲ್ಕು ತಿಂಗಳಾಯಿತು.

ಆಮೇಲೆ ‘ಊಟ ಆಯ್ತಾ’, ‘ಆಯ್ತು’, ‘ಆರೋಗ್ಯ ಹೇಗಿದೆ’, ‘ಚೆನ್ನಾಗಿದೆ’, ‘ಈ ತಿಂಗಳು ಬರೋಕಾಗಲ್ಲ’. ಹೆಚ್ಚುಕಡಿಮೆ ಇದಿಷ್ಟೇ ನಮ್ಮ ಮಾತು. ನಾನೂ ಅಷ್ಟೇ ಬಿಗುಮಾನದಿಂದ ಎಲ್ಲರಿಗೂ ಚೆನ್ನಾಗಿದ್ದೇನೆ ಎಂದೇ ಹೇಳಿಕೊಂಡು ಬಂದೆ. ಹೇಳುತ್ತ ಹೇಳುತ್ತ ಅದು ರೂಢಿಯಾಗಿಬಿಡುತ್ತದೆ. ಬೀದಿಯವರ ಕಣ್ಣಿಗೆ ನಾನೀಗ ಒಂಟಿಯಾಗಿ ಓಡಾಡುವ, ಯಾರಿಗೂ ಕಾಯದ, ಎರಡು ಬಾಗಿಲಿನ ಕಾರಿನ ಹೆಂಗಸು. ಅದರಲ್ಲಿ ಅರ್ಧ ನಿಜವೂ ಹೌದು. ಸಂಜೆ ಪ್ರೆಸ್ಸಿನಿಂದ ಹೊರಟು, ನೇರ ಮನೆಗೆ ಬರದೆ ಕೆರೆಯ ದಂಡೆಯ ರಸ್ತೆಯಲ್ಲಿ ಎರಡು ಸುತ್ತು ಹಾಕುತ್ತೇನೆ, ನಿಧಾನಕ್ಕೆ, ನಿಮ್ಮಿಬ್ಬರಿಗೂ ನಾಚಿಕೆಯಾಗುವಷ್ಟು ನಿಧಾನಕ್ಕೆ. ಸುಖ ಅನ್ನಿಸುತ್ತದೆ. ಉಳಿದರ್ಧವನ್ನು ಯಾರೂ ಕೇಳುವುದಿಲ್ಲ, ಕೇಳದ್ದನ್ನು ನಾನಾಗಿ ಹೇಳುವುದು ಹೇಗೆ?

ಇದನ್ನು ಮಾರಿ ಇನ್ನೊಂದು ತಗೋ ಎನ್ನಬೇಡ, ಮಾರುವುದಿಲ್ಲ. ಕಳೆದ ತಿಂಗಳು ನಿನಗೆ ಗೊತ್ತಾಗದ ಹಾಗೆ ಹೋಗಿ ಒಂದು ನಾಲ್ಕು ಬಾಗಿಲಿನದನ್ನು ಓಡಿಸಿಯೂ ನೋಡಿ ಬಂದೆ, ವೇಗದ್ದೇ, ಅಪ್ಪ ಇದ್ದಿದ್ದರೆ ಕುಣಿಯುತ್ತಿದ್ದರು. ಮಾರುವವನು ಹಿಂದೆ ಕೂತು ಗುಣಗಾನ ಮಾಡಿದ. ನನಗೆ ಬೆನ್ನ ಹಿಂದಿನಿಂದ ಬರುವ ಮಾತು ಸಾಕಾಗಿದೆ ಪುಟ್ಟೂ. ಕೂಪೆಯಲ್ಲಿ ಹಿಂದಿನ ಸೀಟು ಇದೆ ಎಂಬುದು ಬರೀ ಹೆಸರಿಗೆ; ಅಲ್ಲಿ ನನ್ನ ಕೊಡೆ, ಕರಡಿನ ಕಟ್ಟು ಕೂರುತ್ತವೆ. ಮನುಷ್ಯರು ಕೂರುವುದು ಮುಂದೆ, ಭುಜಕ್ಕೆ ಭುಜ, ಒಂದೇ ಗಾಜಿನಿಂದ ಒಂದೇ ರಸ್ತೆ ನೋಡುತ್ತಾ. ಸಿಟ್ಟು ಬಂದರೂ ಅಲ್ಲೇ ಕೂತು ಸಿಟ್ಟಾಗಬೇಕು. ಅಂದು ಗೇಟಿನ ಹತ್ತಿರ ನೀನು ಕೇಳಿದ್ದಕ್ಕೆ ಸರಿಯಾದ ಉತ್ತರ ಇಷ್ಟೇ ಇತ್ತು, ಇಷ್ಟು ಸುಲಭದ್ದು. ಇದಕ್ಕಿರುವುದು ಎರಡೇ ಬಾಗಿಲು. ಒಂದು ನನ್ನದು. ಇನ್ನೊಂದು ನಿನ್ನದಲ್ಲದೆ ಮತ್ತೆ ಯಾರದು?

ಈ ಕಾಗದ ನಿನಗೆ ಗುರುವಾರದ ಹೊತ್ತಿಗೆ ಸಿಗಬಹುದು. ಉತ್ತರ ಬರೆಯಲೇಬೇಕೆಂದಿಲ್ಲ. ಒಂದು ದಿನದ ಮಟ್ಟಿಗಾದರೂ ಬಾ. ಸ್ಟೇಷನ್ನಿಗೆ ನಾನೇ ಬರುತ್ತೇನೆ, ಸೇತುವೆಯ ಮೇಲೆ ನೀನೇ ಓಡಿಸು, ನಾನು ಹಿಡಿಕೆ ಹಿಡಿಯುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿ ಕಟ್ಟಿಕೋ. ಎಲ್ಲಿದ್ದರೂ ನಗುತ್ತಾ ಇರು, ನೂರು ವರ್ಷ ಇರು.

ನಿನ್ನ
ಅಮ್ಮ

ಮ.ವಿ.: ಸೋಮವಾರ ಬೆಳಿಗ್ಗೆ, ಲಕೋಟೆಗೆ ಅಂಟು ಹಚ್ಚಿದ್ದನ್ನು ಮತ್ತೆ ಬಿಚ್ಚಿ ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ನಾನು ಎಲ್ಲಿಗೂ ಹೋಗಿರಲಿಲ್ಲ. ಹಿಂದಿನ ಕೋಣೆಯಲ್ಲಿ ಕೂತು ಇದನ್ನೇ ಬರೆಯುತ್ತಿದ್ದೆ. ಎದುರು ಮನೆಯ ಕನ್ನಡಕದಂಗಡಿಯವಳು ನಿನಗೆ ಹೇಳಿದ್ದನ್ನು ನಂಬಬೇಡ, ಅದು ಅವಳಿಗೆ ನಾನೇ ಒಂದು ವರ್ಷದಿಂದ ಬಾಯಿಪಾಠ ಮಾಡಿಸಿದ್ದು. ನಾನು ಚೆನ್ನಾಗಿಲ್ಲ, ಪುಟ್ಟೂ. ಇನ್ನೂ ಈ ಊರಲ್ಲೇ ಇದ್ದರೆ ತಿರುಗಿ ಬಾ. ಫೋನ್ ಮಾಡಿದೆ, ನೀನು ಎತ್ತುತ್ತಿಲ್ಲ. ಈಗ ತಾನೇ ಅವಳು ಅಂಗಡಿಗೆ ಹೊರಟವಳು ನಮ್ಮ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟು: ‘ಅಕ್ಕಾ, ಮಗಳು ಎದ್ದಿಲ್ವಾ ಇನ್ನೂ? ನಿನ್ನೆ ನಿಮ್ಮ ಕಾರಿನ ಹತ್ರ ನಿಂತು, ಗಾಜಿಗೆ ಕೈ ಅಡ್ಡ ಇಟ್ಟು ಒಳಗೆ ನೋಡ್ತಿದ್ಲು. ಅಮ್ಮ ಹೇಗಿದ್ದಾರೆ ಆಂಟಿ ಅಂದ್ಲು. ನಿಮ್ಮಮ್ಮಂಗೇನೇ, ರಾಣಿ ಥರ ಇದ್ದಾರೆ, ಒಬ್ರೇ ಝುಮ್ಮಂತ ಹೋಗ್ತಾರೆ ಬರ್ತಾರೆ, ಅವರಿಗೆ ಯಾರೂ ಬೇಡ ಅಂದೆ. ಹೌದಾ ಅಂದ್ಲು. ಒಳಗೆ ಬಂದ್ಲು ಅಂದ್ಕೊಂಡೆ ನಾನು... ಬರ್ಲಿಲ್ವಾ ಅಕ್ಕಾ?’