ಅಮ್ಮನ ಮೈಯ ವೆನಿಲಾ

ನವೆಂಬರ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಅಮ್ಮನಿಗೆ,

ನಿನ್ನ ಮಗಳ ಮುತ್ತು, ಜೊತೆಗೆ ಒಂದಿಷ್ಟು ಬೈಗುಳ. ಅಷ್ಟು ದೊಡ್ಡ ಕೇಕು ಯಾಕೆ ಕಟ್ಟಿಕೊಟ್ಟೆ? ಬಸ್ಸಿನಲ್ಲೇ ಮುಗಿಸಿಬಿಟ್ಟೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಯಾವಾಗಲೂ ನಿನ್ನ ಕೈ ಕೆಸರು, ಬೇರೆಯವರ ಬಾಯಿ ಮೊಸರು.

ಎದುರಿಗೆ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಮೊನ್ನೆ ಬೇಕರಿಯ ಒಳಗೆ ನೀನು ಕೆಲಸ ಮಾಡುತ್ತಿದ್ದಾಗ ನಾನು ಅರ್ಧ ತೆರೆದ ಬಾಗಿಲಿನಾಚೆ ನಿಂತು ನೋಡುತ್ತಿದ್ದೆ.

ಚಿಕ್ಕವಳಿದ್ದಾಗ ನಿನ್ನ ಮಡಿಲಲ್ಲಿ ಮುಖವಿಟ್ಟರೆ ವೆನಿಲಾ ಪರಿಮಳ. ಅಮ್ಮಂದಿರ ವಾಸನೆಯೇ ಅದು ಅಂದುಕೊಂಡಿದ್ದೆ. ಬೇಕರಿಯವಳ ಬಾಯಿಂದ ವೆನಿಲಾ ವಾಸನೆ ಬಂದರೆ ಯಾರು ತಾನೇ ಅನುಮಾನಪಡುತ್ತಾರೆ? ಕೇಕಿಗೆ ಹಾಕುವ ಆ ವೆನಿಲಾ ಎಸೆನ್ಸಿನಲ್ಲಿ ಹೆಂಡಕ್ಕಿಂತ ಹೆಚ್ಚು ಮದ್ಯಸಾರವಿದೆ ಎಂದು ಆ ಕೆಲಸದವರಿಗಲ್ಲದೆ ಯಾರಿಗೆ ಗೊತ್ತು?

ಅಜ್ಜಿ ಹಾಸಿಗೆ ಹಿಡಿದ ವರ್ಷ ಅದನ್ನು ಕುಡಿಯುವುದು ಶುರುವಾಯಿತು ಎಂದು ನೀನೇ ಹೇಳಿದೆ. ಅಪ್ಪನಿಲ್ಲದ ಮನೆ. ಬೆಳಗಿನ ಜಾವದಿಂದ ಒಲೆಯ ಮುಂದೆ, ಮನೆಗೆ ಬಂದರೆ ಅಜ್ಜಿಯ ಬಟ್ಟೆ, ನನ್ನ ಪಾಠ. ಎದೆ ಹೊಡೆದುಕೊಳ್ಳುವುದು ನಿಲ್ಲಲಿ ಎಂದು ನೀನು ಒಂದು ಮುಚ್ಚಳ ಎಸೆನ್ಸ್ ಕುಡಿದೆ. ಬರುಬರುತ್ತಾ ಆ ಮುಚ್ಚಳ ಸಿಗದಿದ್ದರೇ ಎದೆ ಹೊಡೆದುಕೊಳ್ಳತೊಡಗಿತು. ಅತ್ತೆ ಎಲ್ಲರೆದುರು ನಿನ್ನನ್ನು ಗಟ್ಟಿಗಿತ್ತಿ ಎಂದು ಹೊಗಳುತ್ತಿದ್ದಳು. ಗಟ್ಟಿಗಿತ್ತಿಯನ್ನು ಸುಸ್ತಾಯಿತಾ ಎಂದು ಯಾರೂ ಕೇಳುವುದಿಲ್ಲ. ನೀನು ಬೇಕರಿಯ ಮೇಜಿನ ಬಳಿ ಕುಸಿದುಬಿದ್ದ ದಿನ ಅದೇ ಅತ್ತೆ, ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂದಳು. ವೈದ್ಯೆ ಮಾತ್ರ ಬೈಯಲಿಲ್ಲ. ಮೊದಲು ಬಂದದ್ದು ಒತ್ತಡ, ಬಾಟಲಿ ಬಂದದ್ದು ಆಮೇಲೆ, ಎರಡಕ್ಕೂ ಚಿಕಿತ್ಸೆ ಬೇಕು ಎಂದು ನಮ್ಮನ್ನು ಕೂರಿಸಿ ವಿವರಿಸಿದರು.

ಗುಣವಾಗಿ ನೀನು ಮತ್ತೆ ಅದೇ ಬೇಕರಿಗೆ ಹೊರಟಾಗ ನಾನು, ಬೇರೆ ಕೆಲಸ ನೋಡು ಎಂದು ಜಗಳವಾಡಿದೆ.

“ನಂಗೆ ಬರೋ ಕೆಲಸ ಇದೊಂದೇ ಕಣೇ. ಇದನ್ನೂ ಆ ಬಾಟಲಿಗೇ ಬಿಟ್ಟುಕೊಡ್ಲಾ?” ಅಂದೆ ನೀನು.

ಮೊನ್ನೆ ಅದರ ಅರ್ಥ ಕಣ್ಣಾರೆ ಕಂಡೆ. ಹಿಟ್ಟು ಕಲಸಿಯಾಗಿತ್ತು. ಎಸೆನ್ಸಿನ ಬಾಟಲಿ ಬೀರುವಿನಲ್ಲಿ, ಬೀಗದ ಕೈ ನಿನ್ನ ಜೊತೆಗಾತಿಯ ಹತ್ತಿರ. ಉಪ್ಪು ಕೊಡು ಎಂದು ಕೇಳುವಷ್ಟು ಸಲೀಸಾಗಿ ನೀನು ಎಲ್ಲರೆದುರು ಅವಳನ್ನು ಕರೆದೆ. ಅವಳು ಹಿಟ್ಟಿಗೆ ಹಾಕಲು ಮುಚ್ಚಳ ತೆರೆದಾಗ ನೀನು ಕಿಟಕಿಯ ಕಡೆ ತಿರುಗಿ, ಮೇಜಿನ ಅಂಚು ಹಿಡಿದು ನಿಂತೆ. ನಿನ್ನ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ವಾಸನೆ ಬಾಗಿಲಿನಾಚೆ ನನ್ನವರೆಗೂ ಬಂತು, ನಿನಗೆ ಹೇಗಾಗಿರಬೇಡ. ಬೀಗ ಬಿದ್ದ ಸದ್ದು ಕೇಳಿದ ಮೇಲೆ ತಿರುಗಿದೆ, ಕೈ ಒರೆಸಿಕೊಂಡೆ, ಪಕ್ಕದಲ್ಲಿ ಆರಿದ್ದ ಇನ್ನೊಂದು ಕೇಕಿನ ಮೇಲೆ ಕ್ರೀಮಿನ ಗುಲಾಬಿ ಬಿಡಿಸತೊಡಗಿದೆ. ಒಂದು ಎಸಳೂ ಓರೆಯಾಗಲಿಲ್ಲ.

ಅಮ್ಮಾ, ನಾನು ಬೆರಗಾಗಿ ನಿಂತುಬಿಟ್ಟೆ. ಪ್ರತಿ ಸಲ ಹಿಟ್ಟು ಕಲಸಿದಾಗಲೂ ಹೀಗೆ ನಿಲ್ಲುತ್ತೀಯಲ್ಲ, ಆಮೇಲೆ ಮನೆಗೆ ಬಂದು ಏನೂ ಆಗದವಳ ಹಾಗೆ ಊಟಕ್ಕೆ ಕರೆಯುತ್ತೀಯಲ್ಲ. ನನ್ನನ್ನು ಹೆತ್ತವಳು ಇಷ್ಟು ದೊಡ್ಡವಳು ಎಂದು ನನಗೆ ಗೊತ್ತಿರಲಿಲ್ಲ.

ನಾನು ಹೊರಡುವಾಗ ನೀನು ನನ್ನ ಕೆನ್ನೆ ಹಿಡಿದು, ನಿದ್ದೆ ಸರಿಯಾಗಿ ಬರುತ್ತಿದೆಯಾ ಎಂದು ಕೇಳಿದೆ. ನನ್ನದು ಫೋನಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ, ದಿನವಿಡೀ ಬೈಸಿಕೊಂಡವಳಿಗೆ ದಿಂಬು ಕಂಡರೆ ಸಾಕು, ಗೊರಕೆ ಶುರು ಎಂದು ನಾನು ತಮಾಷೆ ಮಾಡಿದೆ. ನೀನು ನಗಲಿಲ್ಲ. ನಮ್ಮ ಆಫೀಸಿನಲ್ಲಿ ನನ್ನನ್ನೂ ಗಟ್ಟಿಗಿತ್ತಿ ಅನ್ನುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನನ್ನೇ ನೋಡುತ್ತಾ ನಿಂತ,
ನಿನ್ನ ಪುಟ್ಟಿ

ತಾ.ಕ.: ನಿದ್ದೆಯ ವಿಷಯ ಸುಳ್ಳು. ಮಾತ್ರೆ ಇಲ್ಲದೆ ಕಣ್ಣು ಮುಚ್ಚಿ ಬಹಳ ಕಾಲವಾಯಿತು. ಈಗ ಹಗಲಲ್ಲೂ, ಫೋನ್ ಎತ್ತುವ ಮುಂಚೆ ಒಂದು ಬೇಕು. ಶನಿವಾರ ಬರುತ್ತೇನೆ, ನಿನ್ನ ವೈದ್ಯೆಯ ಹತ್ತಿರ ಕರೆದುಕೊಂಡು ಹೋಗು. ನಾನು ಚೀಲದಿಂದ ಮಾತ್ರೆಯ ಡಬ್ಬಿ ತೆಗೆದು ಅವರ ಮುಂದೆ ಇಡುವಾಗ ನೀನು ಕಿಟಕಿಯ ಕಡೆ ತಿರುಗಬೇಡಮ್ಮ. ನನ್ನನ್ನೇ ನೋಡು.